ಯುಗಾದಿಯವರೆಗೆ ಮದುವೆ ಸೀರೆ

ಮದುವೆಯಾದ ಮೊದಲ ಮಧ್ಯಾಹ್ನ ನಮ್ಮವರು ಕೋಣೆಯ ಬಾಗಿಲಿಗೆ ಚಿಲಕ ಹಾಕಿದರು, ಗಂಟಲು ಸರಿಮಾಡಿಕೊಂಡರು, ನನ್ನ ಮುಖ ನೋಡುವ ಬದಲು ಗೋಡೆಯ ಕ್ಯಾಲೆಂಡರ್ ನೋಡುತ್ತ "ಪ್ರಯಾಣಿಕರ ಗಮನಕ್ಕೆ" ಎಂದುಬಿಟ್ಟರು. ನಾನು ನಕ್ಕೆ. ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. ಪಡಸಾಲೆಯಲ್ಲಿ ಕಿವಿ ನಿಮಿರಿಸಿಕೊಂಡು ಕೂತಿದ್ದ ನೆಂಟರು ಆ ನಗು ಕೇಳಿ, "ಸಿಕ್ತು ಕಣ್ರೋ, ಸಿಕ್ಕೇಬಿಡ್ತು" ಎಂದು ಸಕ್ಕರೆ ಹಂಚಿದರು. ಏನೂ ಸಿಕ್ಕಿರಲಿಲ್ಲ. ನನ್ನ ಸೀರೆ ಹೇಗಿತ್ತೋ ಹಾಗೇ ಇತ್ತು. ಸೆರಗಿನ ಪಿನ್ನು ಕೂಡ ಅಲ್ಲಾಡಿರಲಿಲ್ಲ.

ನಾನು ಹೊರಗಿನವಳು. ನಮ್ಮೂರಿನಲ್ಲಿ ಬಟ್ಟೆ ಬಿಚ್ಚುವುದಕ್ಕೆ ಕೈ ಸಾಕು, ಬಾಯಿ ಬೇಕಿಲ್ಲ. ಈ ಊರಿನಲ್ಲಿ ಹಾಗಲ್ಲ. ತಾಳಿ ಬಿದ್ದ ಗಳಿಗೆಯಿಂದ ಗಂಡನ ಬಟ್ಟೆ ಹೆಂಡತಿಯ ಮಾತಿಗೆ, ಹೆಂಡತಿಯ ಬಟ್ಟೆ ಗಂಡನ ಮಾತಿಗೆ ಮಾತ್ರ ಸಡಿಲವಾಗುತ್ತದೆ. ಅದಕ್ಕೆ ಇಲ್ಲಿಯವರು ಒಳಮಾತು ಎನ್ನುತ್ತಾರೆ. ಒಂದೊಂದು ಜೋಡಿಗೆ ಒಂದೊಂದು. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಬೀದಿಯಲ್ಲಿ ನಡೆದು ಹೋದರೆ ಪ್ರತಿ ಬಚ್ಚಲ ಕಿಟಕಿಯಿಂದಲೂ ಒಂದು ಪಿಸುಮಾತು ಕೇಳುತ್ತದೆ. ಯಾರಾದರೂ ನಾಲ್ಕು ದಿನ ಒಂದೇ ಅಂಗಿಯಲ್ಲಿ ಓಡಾಡಿದರೆ ಆ ಮನೆಯಲ್ಲಿ ಜಗಳ ಎಂದು ಊರಿಗೆಲ್ಲ ಗೊತ್ತಾಗುತ್ತದೆ, ತರಕಾರಿಯವಳು ಕೂಡ ಮೂಗು ಮುಚ್ಚಿಕೊಂಡು ಬುದ್ಧಿ ಹೇಳುತ್ತಾಳೆ. ಮದುವೆಗೆ ಪ್ಯಾಂಟು ಹಾಕಿಕೊಂಡು ಕೂತ ಗಂಡು ಈ ಊರಿನಲ್ಲಿ ಒಬ್ಬನೂ ಇಲ್ಲ. ಪಂಚೆಯನ್ನಾದರೆ ಅವಸರಕ್ಕೆ ಎತ್ತಿ ಕಟ್ಟಬಹುದು. ಪ್ಯಾಂಟಿನ ಗತಿ ಏನು, ನೀವೇ ಹೇಳಿ.

ಒಳಮಾತು ಸಿಗುವತನಕ ಹೊಸ ಗಂಡಹೆಂಡಿರು ಮದುವೆ ಬಟ್ಟೆಯಲ್ಲೇ ಇರಬೇಕು. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ಅದರ ಮೇಲೇ ನೀರು ಹುಯ್ದುಕೊಂಡು ಸ್ನಾನ. ಆಮೇಲೆ ಮಾಳಿಗೆಯ ಮೇಲೆ ಹಪ್ಪಳದ ಹಾಗೆ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ತಿರುಗಿ ಒಣಗಬೇಕು. ಬಹಳ ಜನಕ್ಕೆ ಮೊದಲ ವಾರದಲ್ಲೇ ಸಿಕ್ಕಿಬಿಡುತ್ತದೆ. ಸಿಗದವರಿಗೆ ಯುಗಾದಿಯವರೆಗೆ ಅವಕಾಶ. ಯುಗಾದಿಯ ದಿನ ಎಣ್ಣೆಸ್ನಾನ ಮಾಡಿ ಹೊಸ ಬಟ್ಟೆ ಉಡಲೇಬೇಕಲ್ಲ. ಆದ್ದರಿಂದ ಹಿಂದಿನ ಸಂಜೆ ಕತ್ತರಿ ಸಾವಂತ್ರಮ್ಮ ಬಂದು ಇಬ್ಬರ ಮದುವೆ ಬಟ್ಟೆಯನ್ನೂ ಕತ್ತರಿಸಿ ತೆಗೆಯುತ್ತಾಳೆ. ಬಟ್ಟೆ ಹರಿದರೆ ಮದುವೆಯೂ ಹರಿದಂತೆ. ಬೈಗುಳವಿಲ್ಲ, ಪಂಚಾಯಿತಿಯಿಲ್ಲ, ಇಬ್ಬರಿಗೂ ಒಬ್ಬಟ್ಟಿನ ಊಟ, ಅವರವರ ದಾರಿ ಅವರವರಿಗೆ. ಆ ತುಂಡುಗಳಿಂದ ಹೊಲಿದ ರೇಷ್ಮೆ ಕೌದಿಗಳು ಊರ ಛತ್ರದಲ್ಲಿ ಬೇಕಾದಷ್ಟಿವೆ. ಅವುಗಳ ಮೇಲೆ ಮಲಗಿದವರಿಗೆ ಒಳ್ಳೆಯ ನಿದ್ದೆ ಬರುವುದಿಲ್ಲವಂತೆ.

ಇಷ್ಟೆಲ್ಲ ಗೊತ್ತಿದ್ದೂ ಇಲ್ಲಿಗೆ ಯಾಕೆ ಬಂದೆ ಎಂದರೆ, ದನಿಗೆ ಮರುಳಾಗಿ. ಚಿಕ್ಕಮ್ಮನ ಮನೆಗೆ ಹೋಗುವ ದಾರಿಯಲ್ಲಿ ಈ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಸ್ಸು ಬದಲಾಯಿಸಬೇಕಿತ್ತು. ಮೇಲೆ ಧ್ವನಿವರ್ಧಕದಲ್ಲಿ ಒಬ್ಬರು ಯಾವುದೋ ಹಾಳೂರಿನ ಹೆಸರನ್ನು ಎಷ್ಟು ಚೆನ್ನಾಗಿ ಹೇಳಿದರು ಎಂದರೆ, ಅಲ್ಲಿ ಹೋಗಿ ಮನೆ ಮಾಡಬೇಕು ಅನ್ನಿಸಿತು. ಇನ್ನೊಂದು ಸಲ ಕೇಳೋಣ ಎಂದು ನನ್ನ ಬಸ್ಸನ್ನು ಬಿಟ್ಟೆ. ಮುಂದಿನದನ್ನೂ ಬಿಟ್ಟೆ. ಮನೆಗೆ ಹೋಗಿ ನಮ್ಮಪ್ಪನಿಗೆ, "ಆ ದನಿಯವರು ಯಾರು ವಿಚಾರ್ಸಪ್ಪಾ" ಎಂದೆ. ವಿಚಾರಿಸಿದರು. ತಿಪ್ಪೇಶ ಅಂತ, ಮದುವೆಯಾಗಿಲ್ಲ, ಬಸ್ ಸ್ಟ್ಯಾಂಡಿನ ಅನೌನ್ಸರು, ಮನೆಯಲ್ಲಿ ತಂದೆ ಓಬಳಪ್ಪ, ತಾಯಿ ಹಾಲಮ್ಮ. ಕಾರ್ತಿಕ ಮುಗಿಯುವುದರೊಳಗೆ ಮದುವೆ ಆಗಿಹೋಯಿತು.

ಆದರೆ ಆ ದನಿ ಮೈಕಿಗೆ ಮೀಸಲು ಎಂದು ನನಗೇನು ಗೊತ್ತು! ಮನೆಯಲ್ಲಿ ಅವರಿಗೆ ಮಾತೇ ಇಲ್ಲ. ಇರುವ ಮಾತೆಲ್ಲ ಸರ್ಕಾರಿ. ಊಟಕ್ಕೆ ಕೂತರೆ, "ಇನ್ನು ಕೆಲವೇ ಕ್ಷಣಗಳಲ್ಲಿ ಕೈ ತೊಳೆಯಲಿದ್ದೇನೆ" ಎನ್ನುವ ಜಾತಿ. ಅಂಥವರು ಹೆಂಡತಿಗೆ ಬಟ್ಟೆ ಬಿಚ್ಚು ಎಂದು ಹೇಗೆ ಹೇಳಬೇಕು? ಮಧ್ಯಾಹ್ನ ಊಟಕ್ಕೆ ಬಂದಾಗಲೆಲ್ಲ ಚಿಲಕ ಹಾಕಿಕೊಂಡು ಪ್ರಯತ್ನ ಮಾಡುತ್ತಿದ್ದೆವು. "ದಯವಿಟ್ಟು ತಮ್ಮ ವಸ್ತ್ರಗಳನ್ನು ಕಳಚಬೇಕಾಗಿ ವಿನಂತಿ" ಎಂದರು. ಸೀರೆ ಇನ್ನೂ ಬಿಗಿಯಾಯಿತು ಅನ್ನಿಸಿತು ನನಗೆ. "ನಿರಾಭರಣ ಸುಂದರಿ" ಎಂದರು, ಕಿವಿಯೆಲ್ಲ ಕೆಂಪಾಗಿ. "ಬೆತ್ತಲೆ" ಎಂದು ಒಂದು ಸಲ ಧೈರ್ಯ ಮಾಡಿ ಹೇಳಿದರು. ಅವರ ಬಾಯಲ್ಲಿ ಅದು ಒಂದು ಊರಿನ ಹೆಸರಿನ ಹಾಗೆ ಕೇಳಿಸಿತು, ಬೆತ್ತಲೆ ಮಾರ್ಗವಾಗಿ ಹೋಗುವ ಬಸ್ಸೊಂದು ಈಗ ಬಂದು ನಿಲ್ಲುತ್ತದೆ ಎನ್ನುವಂತೆ. ನನಗೆ ಮತ್ತೆ ಬಿಕ್ಕಳಿಕೆ.

ಹಾಗಂತ ನಾನೇನು ಮಹಾ ಮಾತುಗಾರ್ತಿ ಎಂದಲ್ಲ. ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಈ ವಿಷಯಕ್ಕೆ ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ. ಲೈಟು ಆರುತ್ತಿತ್ತು, ಅಷ್ಟೇ. "ಬಿಚ್ರೀ" ಎಂದೆ, ದಬಾಯಿಸಿದ ಹಾಗಾಯಿತು. "ಸೆಖೆ ಅಲ್ವಾ?" ಎಂದೆ, ಪುಷ್ಯಮಾಸದ ಚಳಿಯಲ್ಲಿ. "ಶೇಮ್ ಶೇಮ್" ಎಂದು ಮಕ್ಕಳ ಭಾಷೆಯಲ್ಲೂ ನೋಡಿದೆ. ನಮ್ಮವರು ನಿಜವಾಗಿಯೂ ನಾಚಿ ಜುಬ್ಬದ ಗುಂಡಿಯನ್ನು ಇನ್ನೊಂದು ಸಲ ಒತ್ತಿಕೊಂಡರು. ಮುಸುಮುಸು ನಗುತ್ತ ಇಬ್ಬರೂ ಮಂಚದ ಮೇಲೆ ಬಿದ್ದುಕೊಂಡಿದ್ದೇ ಬಂತು. ಅವರು ಬಹಳ ಒಳ್ಳೆಯವರು. ನನ್ನ ನಗುವಿಗೆ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಉಕ್ಕಿ ಬರುತ್ತಿತ್ತು. ಬಟ್ಟೆಗೆ ಮಾತ್ರ ಅದು ಗೊತ್ತಾಗುತ್ತಿರಲಿಲ್ಲ.

ಊರಿನವರ ಬುದ್ಧಿವಾದಕ್ಕೆ ಕೊನೆಯೇ ಇರಲಿಲ್ಲ. ಬೇರೆಯವರ ಒಳಮಾತು ಗೋಡೆ ದಾಟಿ ಕಿವಿಗೆ ಬಿದ್ದರೆ ಪರವಾಗಿಲ್ಲ, ಅದೇನೂ ಗುಟ್ಟಲ್ಲ, ಗಂಡನ ಬಾಯಿಂದಲೋ ಹೆಂಡತಿಯ ಬಾಯಿಂದಲೋ ಬಂದರಷ್ಟೇ ಅದಕ್ಕೆ ಬೆಲೆ. ಹೋಟೆಲಿನ ಸಾಹುಕಾರರದು "ಒಂದು ಬೈ ಟು" ಎಂದು ಎಲ್ಲರಿಗೂ ಗೊತ್ತು. ಅದಕ್ಕೇ ಅವರ ಹೆಂಡತಿ ಹೋಟೆಲಿನ ಬೀದಿಗೇ ಕಾಲಿಡುವುದಿಲ್ಲ. ವಕೀಲರದು ಎಷ್ಟು ಉದ್ದ ಎಂದರೆ ಅದು ಮುಗಿಯುವುದರೊಳಗೆ ಹಂಡೆಯ ನೀರು ತಣ್ಣಗಾಗುತ್ತದಂತೆ. ನಮ್ಮವರಿಗಿಂತ ಹಿಂದೆ ಇದ್ದ ಅನೌನ್ಸರದು "ಬೇಗ ಬೇಗ". ಪಾಪ, ಅವರು ಒಂದು ದಿನ ಮೈಮರೆತು ಮೈಕಿನಲ್ಲಿ "ಬೇಗ ಬೇಗ ಹತ್ತಿ" ಎಂದುಬಿಟ್ಟರು. ಹೆಂಡತಿ ಆಗ ಎದುರಿನ ಸೊಸೈಟಿಯಲ್ಲಿ ಸಕ್ಕರೆಗೆ ಸಾಲು ನಿಂತಿದ್ದಳು. ಆದರೆ ಈ ಊರಿನ ಜನರ ಮರ್ಯಾದೆ ದೊಡ್ಡದು. ಎಲ್ಲಿಯಾದರೂ ಸರಸರ ಬಟ್ಟೆ ಜಾರುವ ಸದ್ದಾದರೆ ಸಾಕು, ಸುತ್ತ ಇದ್ದವರೆಲ್ಲ ತಕ್ಷಣ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಅಂದು ತೂಕದವನು ತಕ್ಕಡಿಯನ್ನು ಹಿಡಿದುಕೊಂಡೇ ತಿರುಗಿದನಂತೆ. ಆಮೇಲಿಂದ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬರು ಅನೌನ್ಸರ್ ಕೆಲಸಕ್ಕೆ ಬ್ರಹ್ಮಚಾರಿಗಳನ್ನೇ ತೆಗೆದುಕೊಳ್ಳುತ್ತಿದ್ದರು. ನಮ್ಮ ಮದುವೆಗೆ ಅದೇ ಸಾಹೇಬರು ಬಂದು ಅಕ್ಷತೆ ಹಾಕಿ, "ತಿಪ್ಪೇಶಾ, ಒಳಮಾತು ಏನಾದ್ರೂ ಆಗ್ಲಿ, ಊರಿನ ಹೆಸ್ರು ಮಾತ್ರ ಆಗೋದು ಬೇಡ ಕಣಪ್ಪಾ" ಎಂದು ಕೈ ಮುಗಿದರು.

ಇನ್ನೊಂದು ಕಷ್ಟವಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮದುವೆ ಸೀರೆ ಅತ್ತೆ ಆಸೆಪಟ್ಟು ಆರಿಸಿ ತಂದದ್ದು, ಒಳ್ಳೆಯ ಜರಿ. ಆ ಜರಿ ರವಿಕೆಯ ತೋಳಿನಲ್ಲಿ, ಸೊಂಟದಲ್ಲಿ ಸೂಜಿಯ ಹಾಗೆ ಚುಚ್ಚುತ್ತಿತ್ತು. ಒದ್ದೆಯಾಗಿ ಒಣಗಿ, ಒದ್ದೆಯಾಗಿ ಒಣಗಿ ಇನ್ನೂ ಗಡುಸಾಗಿತ್ತು. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಸೌಟಿನ ಹಿಡಿಯಿಂದ ತೋಳು ಕೆರೆದುಕೊಳ್ಳುತ್ತಿದ್ದೆ. ಹೇಳಿದರೆ ಮದುವೆಯ ಮೇಲೇ ದೂರು ಹೇಳಿದ ಹಾಗಾದೀತು ಎಂದು ಸುಮ್ಮನಿದ್ದೆ.

ಮಾಘ ಕಳೆಯಿತು. ನಮಗಿಂತ ಆಮೇಲೆ ಮದುವೆಯಾದವರೆಲ್ಲ ವಾಯಿಲ್ ಸೀರೆ, ಲುಂಗಿಗಳಲ್ಲಿ ಹಾಯಾಗಿ ಓಡಾಡುತ್ತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ. ನಮ್ಮ ಅತ್ತೆ ಹಾಲಮ್ಮ ಕರುಳಿನ ಹೆಂಗಸು, ಬೇಡಿದವರಿಗೆ ಒಲೆಯ ಮೇಲಿನ ಅನ್ನವನ್ನೇ ಇಳಿಸಿ ಕೊಡುವವರು. ಒಂದು ದಿನ ಮಗನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಏನೋ ಗುಸುಗುಸು ಹೇಳಿಕೊಟ್ಟರು. ನಮ್ಮವರು ಕೋಣೆಗೆ ಬಂದು ಚಿಲಕ ಹಾಕಿ, ಬಹಳ ಗಂಭೀರವಾಗಿ ಕೇಳಿದರು: "ಎಮ್ಮೆ ಕಟ್ಟಿದ್ಯಾ?"

"ಯಾವ್ ಎಮ್ಮೇರೀ? ನಮ್ಮನೇಲಿ ಎಮ್ಮೆ ಎಲ್ಲಿದೆ?" ಎಂದೆ.

"ಎಮ್ಮೆ ಕಟ್ಟಿದ್ಯಾ?" ಎಂದು ಇನ್ನೊಂದು ಸಲ ಕೇಳಿದರು, ಬೇಡುವ ದನಿಯಲ್ಲಿ. ಆಗಲೂ ಏನೂ ಆಗಲಿಲ್ಲ. ಆದದ್ದು ಹೊರಗೆ. ಬಚ್ಚಲಿನಿಂದ ಮಾವನವರ ಕೂಗು ಕೇಳಿಸಿತು. ತಲೆಗೆ ಎಣ್ಣೆ ಮೆತ್ತಿಕೊಂಡು ನಿಂತಿದ್ದಾರೆ, ಮೈಮೇಲಿನ ಬನಿಯನ್ನು ಬರುತ್ತಿಲ್ಲ. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು, "ಎಮ್ಮೆ ಕಟ್ಟಿದ್ಯಾ? ಏನ್ರೀ, ಎಮ್ಮೆ ಕಟ್ಟಿದ್ಯಾ?" ಎಂದು ಕೇಳಿದ್ದೇ ಕೇಳಿದ್ದು. ಬನಿಯನ್ನಿಗೆ ಅದು ಅರ್ಥವೇ ಆಗಲಿಲ್ಲ.

ಒಳಮಾತನ್ನು ಕೇಳಿಸಿಕೊಂಡರೆ ಪರವಾಗಿಲ್ಲ, ಕೊಟ್ಟರೆ ಹೋಯಿತು. ಇದು ಈ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅತ್ತೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಗನ ಮುಖ ನೋಡಿ ಕೊಟ್ಟುಬಿಟ್ಟಿದ್ದರು. ಮಾವ ಓಬಳಪ್ಪನವರು ಎಣ್ಣೆ ಸುರಿಸಿಕೊಂಡು ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತರು.

"ಬಳೆ ಕೊಟ್ಟಿದ್ರೆ ಇನ್ನೊಂದ್ ಜೊತೆ ಮಾಡಿಸ್ಬೋದಿತ್ತು," ಎಂದರು. "ನಮ್ ಎಮ್ಮೇನೇ ಕೊಟ್ಬಿಟ್ಯಲ್ಲೇ ಹಾಲೀ!"

"ಮಗ ಅಲ್ವೇನ್ರೀ," ಎಂದರು ಅತ್ತೆ.

"ನಾನೇನ್ ಪಕ್ಕದ್ಮನೆಯವ್ನಾ?"

ಪಾಪ ಎನ್ನಿಸಬೇಕು, ನನಗೆ ನಗು. ಅಡುಗೆಮನೆಗೆ ಓಡಿ ಹೋಗಿ ಬಾಯಿಗೆ ಸೆರಗು ತುರುಕಿಕೊಂಡೆ. ಆ ಜರಿ ತುಟಿಗೂ ಚುಚ್ಚಿತು.

ಈಗ ಮನೆಯಲ್ಲಿ ಬಟ್ಟೆ ಬಿಚ್ಚಲಾಗದ ಜೋಡಿ ಎರಡಾದವು. ಹಿಂದೆ ಎಮ್ಮೆ ಇದ್ದಾಗ, ಮನೆ ತುಂಬ ಜನ ಇದ್ದಾಗ, ಅದನ್ನು ಕಟ್ಟುವ ನೆಪದಲ್ಲಿ ಇಬ್ಬರೂ ಕೊಟ್ಟಿಗೆಯಲ್ಲಿ ಸಂಧಿಸುತ್ತಿದ್ದರಂತೆ. ಅದನ್ನು ಮಾವ ನನ್ನ ಮುಂದೆಯೇ ಹೇಳಿದರು, ಅತ್ತೆ "ಥೂ, ಸೊಸೆ ಮುಂದೆ" ಎಂದು ತಲೆಗೆ ಮೊಟಕಿದರು. ಮೊದಲೆರಡು ದಿನ ಮಾತು ಬಿಟ್ಟಿದ್ದರು. ಆಮೇಲೆ ಇಬ್ಬರೂ ಸಂಜೆ ಕೆರೆ ಏರಿಯ ಮೇಲೆ ನಡೆದು ಹೋಗಲು ಶುರುಮಾಡಿದರು. ಎಣ್ಣೆಯ ಕಲೆಯಾದ ಬನಿಯನ್ನಿನ ಮೇಲೆ ಶಲ್ಯ ಹೊದ್ದುಕೊಂಡು ಮಾವ, ಕೈಯಲ್ಲಿ ಚುರುಮುರಿ ಪೊಟ್ಟಣ ಹಿಡಿದುಕೊಂಡು ಅತ್ತೆ. ಅತ್ತೆಯ ನಗು ಬೀದಿಯ ತುದಿಯವರೆಗೆ ಕೇಳುತ್ತಿತ್ತು. ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಮಾವ ಗರಿಗರಿಯಾದ ಬಿಳಿ ಅಂಗಿ ತೊಟ್ಟು, ಏನೋ ಗುನುಗಿಕೊಂಡು ಪಡಸಾಲೆಗೆ ಬಂದು, "ಕಾಂಚನಾ, ಕಾಫಿ ಕೊಡವ್ವಾ" ಎಂದರು. ಅತ್ತೆ ಒಲೆಯ ಮುಂದೆ ಹೊಸ ಮದುವಣಗಿತ್ತಿಯಂತೆ ತಲೆ ಬಗ್ಗಿಸಿ ಕೂತಿದ್ದರು.

ನನಗೆ ಸಂತೋಷವಾಯಿತು. ಆಮೇಲೆ ಹೊಟ್ಟೆ ಉರಿಯಿತು. ಆಮೇಲೆ ಅಳು ಬಂತು. ಮಧ್ಯಾಹ್ನ ನಮ್ಮವರು ಬಂದಾಗ ತಡೆದುಕೊಳ್ಳಲಿಲ್ಲ. "ಈ ವಯಸ್ಸಲ್ಲಿ ಅವ್ರಿಗೆ ವಾರದಲ್ಲಿ ಸಿಗುತ್ತೆ, ನಮಗ್ ಸಿಗಲ್ಲ ಅಂದ್ರೆ ಏನರ್ಥ? ನಿಮ್ಮ ಬಾಯಲ್ಲಿ ನನಗೆ ಅಂತ ಒಂದು ಮಾತೂ ಇಲ್ಲ ಅಂತ್ಲೇ ಅರ್ಥ!" ಎಂದೆ. ಅವರು ಬಹಳ ಹೊತ್ತು ತುಟಿ ಅಲ್ಲಾಡಿಸಿದರು. ಏನೋ ಬರುತ್ತದೆ ಎಂದು ನಾನು ಉಸಿರು ಹಿಡಿದು ನಿಂತಿದ್ದೆ. ಕೊನೆಗೆ ಬಂದದ್ದು, "ಉಂಟಾದ ಅಡಚಣೆಗಾಗಿ ವಿಷಾದಿಸುತ್ತೇವೆ."

ಆ ಸಲ ಮಾತ್ರ ನನಗೆ ನಗು ಬರಲಿಲ್ಲ. ಅವರಿಗೂ ತಾವು ಏನು ಹೇಳಿದೆವೆಂದು ಗೊತ್ತಾಗಿ ಮುಖ ಸಪ್ಪಗಾಯಿತು. ಊಟ ಮಾಡದೆ ಎದ್ದು ಕೆಲಸಕ್ಕೆ ಹೋದರು. ನಾನು ಗೋಡೆಗೆ ಒರಗಿ ಲೆಕ್ಕ ಹಾಕಿದೆ, ಯುಗಾದಿಗೆ ಇನ್ನು ಕೆಲವೇ ದಿನ ಉಳಿದಿತ್ತು. ಸಾವಂತ್ರಮ್ಮನ ಕತ್ತರಿ ಈ ಮನೆಯ ಪಡಸಾಲೆಯಲ್ಲಿ ಅವರ ಜುಬ್ಬದ ಮೇಲೆ ಆಡುವುದನ್ನು ನಾನು ನೋಡಲಾರೆ ಎನ್ನಿಸಿತು. ಅದಕ್ಕೆ ಇನ್ನೊಂದು ದಾರಿಯಿತ್ತು. ಊರ ಗಡಿಯಲ್ಲಿ ಒಂದು ಹುಣಸೆಮರವಿದೆ. ಅದನ್ನು ದಾಟಿದರೆ ಬಟ್ಟೆಯ ಕಟ್ಟು ತಾನಾಗಿ ಬಿಡುತ್ತದೆ, ಒಳಮಾತು ಸಿಗದವರಿಗೆ ಮದುವೆಯ ಕಟ್ಟೂ ಅದರ ಜೊತೆಗೇ ಹೋಗುತ್ತದೆ. ಅಂಥವರಿಗಾಗಿ ಕಂಡಕ್ಟರುಗಳು ಸೀಟಿನ ಕೆಳಗೆ ಒಂದು ದುಪ್ಪಟಿ ಇಟ್ಟುಕೊಂಡಿರುತ್ತಾರೆ. ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುವುದು ಎಂದು ಗಟ್ಟಿಮಾಡಿಕೊಂಡೆ.

ಹೇಳಿಯೇ ಹೊರಟೆ, ಕದ್ದು ಹೋಗಲಿಲ್ಲ. ಅತ್ತೆ ಅಳುತ್ತ ಬುತ್ತಿ ಕಟ್ಟಿಕೊಟ್ಟರು. ನಮ್ಮವರು ಬೆಳಿಗ್ಗೆಯೇ ಡ್ಯೂಟಿಗೆ ಹೋಗಿದ್ದರು, ನಾನು ಹೋಗುವುದು ಗೊತ್ತಿತ್ತು, ಹೋಗಬೇಡ ಎಂದು ಹೇಳಲು ಅವರ ಹತ್ತಿರ ಮಾತು ಇರಲಿಲ್ಲ. ಪಕ್ಕದ ಮನೆಯ ನಿಂಗಕ್ಕ ಬಸ್ಸಿಗೆ ಹತ್ತಿಸಲು ನನ್ನ ಜೊತೆ ಬಂದಳು. ಅವಳ ಗಂಡ ತೀರಿಹೋಗಿ ವರ್ಷಗಳಾಗಿವೆ. ಬಗಲಲ್ಲಿ ಒಂದು ಹಳೆಯ ಕೌದಿ ಸುತ್ತಿಕೊಂಡಿದ್ದಳು, ಕಂಡಕ್ಟರನ ದುಪ್ಪಟಿ ಮೆತ್ತಗಿರಲ್ಲ ಎಂದು. ಗಂಡನ ಹಳೆಯ ಅಂಗಿಗಳನ್ನೇ ಸೇರಿಸಿ ಹೊಲಿದದ್ದು.

ದಾರಿಯಲ್ಲಿ ಕೇಳಿದೆ, "ಅಕ್ಕಾ, ಈಗ ನೀವು ಹೇಗೆ... ಬಟ್ಟೆ..."

"ತಾನಾಗೇ ಬರುತ್ತವ್ವಾ," ಎಂದಳು. "ಅವ್ರು ಹೋದ್ ದಿನ ಎಲ್ರೂ ಅತ್ರು, ನಂಗ್ ಅಳೂನೇ ಬರ್ಲಿಲ್ಲ. ಸ್ನಾನಕ್ಕಂತ ಸೆರಗಿಗೆ ಕೈ ಹಾಕ್ದೆ ನೋಡು, ಯಾರೂ ಏನೂ ಅನ್ದೆ ಸೀರೆ ಕೈಗ್ ಬಂದ್ಬಿಡ್ತು. ಆಗ ಅಳು ಬಂತು." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು, "ನಮ್ದು ಏನ್ ಮಹಾ ಮಾತಲ್ಲ. 'ಕಾಲು ನೋಯ್ತಾ?' ಅಂತಿದ್ರು. ಗದ್ದೆಯಿಂದ ಬಂದಾಗ ನಿಜ್ವಾಗ್ಲೂ ಕೇಳ್ತಿದ್ರು, ಅದೇ ಆಗೋಯ್ತು."

ಹಬ್ಬದ ಜನ, ಬಸ್ ಸ್ಟ್ಯಾಂಡು ತುಂಬಿ ತುಳುಕುತ್ತಿತ್ತು. ಬೇವಿನ ಸೊಪ್ಪು ಮಾರುವವರು, ಮಾವಿನ ಎಲೆ ಮಾರುವವರು, ಎಳನೀರಿನ ಗುಡ್ಡೆ. ಮದುವೆ ಸೀರೆಯಲ್ಲಿ ಪೆಟ್ಟಿಗೆ ಹಿಡಿದು ಬರುತ್ತಿದ್ದ ನನ್ನನ್ನು ನೋಡಿ ಜನ ದಾರಿ ಬಿಟ್ಟರು. ನಾನು ಕಿಟಕಿಯ ಪಕ್ಕ ಕೂತೆ, ನಿಂಗಕ್ಕ ಬಸ್ಸು ಹೊರಡುವತನಕ ಇರುತ್ತೇನೆಂದು ನನ್ನ ಪಕ್ಕ. ಎದುರಿಗೇ ಅನೌನ್ಸರ್ ಕೋಣೆಯ ಗಾಜು. ಒಳಗೆ ಮಾಸಿದ ರೇಷ್ಮೆ ಜುಬ್ಬದಲ್ಲಿ ನಮ್ಮವರು. ನನ್ನ ಬಸ್ಸಿನ ಹೆಸರನ್ನು ಅವರೇ ಹೇಳಬೇಕು, ಹೇಳದೆ ಬಸ್ಸು ಹೊರಡುವ ಹಾಗಿಲ್ಲ. ಕಂಟ್ರೋಲರ್ ಸಾಹೇಬರು ಅವರ ಕಡೆ ನೋಡಲಾರದೆ ಸೀಟಿಯನ್ನು ಒರೆಸುತ್ತ ನಿಂತಿದ್ದರು.

"ಪ್ರಯಾಣಿಕರ ಗಮನಕ್ಕೆ," ಎಂದಿತು ಮೇಲಿನ ದನಿ. ಅದೇ ದನಿ. "ಈಗ ಹೊರಡಲಿರುವ ಬಸ್ಸು..." ಅಲ್ಲಿಗೆ ನಿಂತಿತು. ಕೆಮ್ಮು ಕೇಳಿಸಿತು. "ಪ್ರಯಾಣಿಕರ ಗಮನಕ್ಕೆ. ಈಗ ಹೊರಡಲಿರುವ..." ಮತ್ತೆ ನಿಂತಿತು. ಬಿಸಿಲಿಗೆ ಬಸ್ಸು ಕಾದು ನನ್ನ ತೋಳಿನ ಜರಿ ಬೆಂಕಿಯಾಗಿತ್ತು. ಇನ್ನು ಯಾರಿಗೆ ಮುಚ್ಚಿಡಬೇಕು ಎಂದು ಪೆಟ್ಟಿಗೆಯಿಂದ ಬಾಚಣಿಗೆ ತೆಗೆದು ಎಲ್ಲರ ಎದುರಿಗೆ ಬರಬರ ಕೆರೆದುಕೊಂಡೆ. ತಲೆ ಎತ್ತಿದರೆ ಅವರು ಗಾಜಿನ ಹಿಂದಿನಿಂದ ನನ್ನ ತೋಳನ್ನೇ ನೋಡುತ್ತಿದ್ದರು. ಅಲ್ಲಿ ಚರ್ಮ ಕೆಂಪಾಗಿ ದದ್ದು ಎದ್ದಿತ್ತು. ಅವರ ಮುಖದಲ್ಲಿ ಅಂಥ ಸಂಕಟವನ್ನು ನಾನು ಕಂಡೇ ಇರಲಿಲ್ಲ. ಮೈಕು ಇದೆ ಎನ್ನುವುದನ್ನೇ ಮರೆತು ಕೇಳಿದರು:

"ಕಾಂಚನಾ, ಚುಚ್ತಾ ಇದೆಯಾ?"

ಮೊದಲು ಸೆರಗಿನ ಪಿನ್ನು ಟಕ್ಕೆಂದು ಹಾರಿ ಡ್ರೈವರನ ಕನ್ನಡಿಗೆ ಬಡಿಯಿತು. ಆಮೇಲೆ ನಿರಿಗೆಗಳು ಒಂದರ ಹಿಂದೆ ಒಂದು ಬಿಡಿಸಿಕೊಂಡವು, ರವಿಕೆಯ ಹುಕ್ಕುಗಳು ಪಟಪಟನೆ ಬಿಟ್ಟವು, ಲಾಡಿಯ ಗಂಟು ಸಡಿಲಾಯಿತು. ಇಷ್ಟು ತಿಂಗಳು ಮೈಗೆ ಕಚ್ಚಿಕೊಂಡಿದ್ದದ್ದೆಲ್ಲ ಸರ್ರೆಂದು ಕಾಲ ಬಳಿ ಗುಡ್ಡೆಯಾಯಿತು. ಆ ಸದ್ದಿಗೆ ಇಡೀ ಬಸ್ ಸ್ಟ್ಯಾಂಡು ಬೆನ್ನು ತಿರುಗಿಸಿತು. ಬೇವಿನ ಸೊಪ್ಪಿನವರು ತಿರುಗಿದರು, ಹಮಾಲಿಗಳು ತಲೆಯ ಮೇಲಿನ ಮೂಟೆಯ ಸಮೇತ ತಿರುಗಿದರು, ಕಂಟ್ರೋಲರ್ ಸಾಹೇಬರು ಸೀಟಿ ಬಾಯಲ್ಲಿಟ್ಟುಕೊಂಡೇ ತಿರುಗಿದರು, ಡ್ರೈವರು ಕನ್ನಡಿಯನ್ನೂ ಆ ಕಡೆ ತಿರುಗಿಸಿದ. ಪಕ್ಕದ ಬಸ್ಸಿನಲ್ಲಿ ಬೇರೆ ಊರಿನ ಔಷಧಿ ಮಾರುವವನೊಬ್ಬ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಎಳನೀರಿನ ಹೆಂಗಸು ನಮ್ಮ ಕಡೆಗೆ ಬೆನ್ನು ಮಾಡಿಯೇ ಕಿಟಕಿಯೊಳಗೆ ಕೈ ಹಾಕಿ, ಅವನ ಕತ್ತು ಹಿಡಿದು ತಿರುಗಿಸಿ, "ಹೊಸಬ್ರಾ? ಕಲ್ತ್ಕೊಳ್ಳಿ" ಎಂದಳು. ಅಷ್ಟರಲ್ಲಿ ನಿಂಗಕ್ಕ ಕಣ್ಣು ಮುಚ್ಚಿಕೊಂಡೇ ಕೌದಿಯನ್ನು ನನ್ನ ಮೇಲೆ ಎಸೆದು ಸುತ್ತಿಬಿಟ್ಟಳು. ಮೆತ್ತಗಿತ್ತು. ಅಯ್ಯೋ, ಏನು ಮೆತ್ತಗೆ! ಇಷ್ಟು ತಿಂಗಳ ಮೇಲೆ ನನ್ನ ತೋಳಿಗೆ ಗಾಳಿ ತಾಕಿತು. ನಾಚಿಕೆಗೆ ನೆನಪಾಗುವ ಮುಂಚೆಯೇ ನಗು ನುಗ್ಗಿ ಬಂತು.

ಕೌದಿಯಿಂದ ತಲೆ ಮಾತ್ರ ಹೊರಗೆ ಹಾಕಿ ಕಿಟಕಿಯಿಂದ ಕೂಗಿದೆ, "ಹ್ಞೂಂ ರೀ! ಚುಚ್ತಿದೆ! ಮೊದಲ್ನೇ ದಿನದಿಂದ ಚುಚ್ತಿದೆ!"

"ಹೇಳ್ಬಾರ್ದಿತ್ತಾ?" ಎಂದಿತು ಧ್ವನಿವರ್ಧಕ, ಅಳುವ ದನಿಯಲ್ಲಿ.

"ನೀವು ಕೇಳ್ಬಾರ್ದಿತ್ತಾ?" ಎಂದೆ. ಆಗ ನೋಡಿದೆ, ಜುಬ್ಬದ ಕುಸುರಿ ಕಾಲರಿನ ಸುತ್ತ ಅವರ ಕತ್ತೂ ಕೆಂಪಾಗಿತ್ತು. ಅವರೂ ಮುಚ್ಚಿಟ್ಟಿದ್ದರು. ಬಾಯಿಗೆ ಬಂದದ್ದನ್ನು ಕೇಳಿಯೇಬಿಟ್ಟೆ, "ಅಯ್ಯೋ, ನಿಮಗೂ ಚುಚ್ತಾ ಇದೆಯಾ?"

ಕೇಳಬಾರದಿತ್ತು, ಅಲ್ಲಿ, ಆಗ. ಮೈಕಿನಲ್ಲಿ ಮೊದಲು ಗುಂಡಿಗಳು ಉದುರುವ ಸದ್ದು, ಆಮೇಲೆ ರೇಷ್ಮೆ ಜಾರುವ ಸದ್ದು, ಆಮೇಲೆ ಕುರ್ಚಿ ಬಿದ್ದ ಸದ್ದು, ಆಮೇಲೆ ಊರಿಗೆಲ್ಲ ಕೇಳುವಂತೆ "ಅಯ್ಯೋ ಶಿವನೇ!" ಗಾಜಿನ ಹಿಂದೆ ನಮ್ಮವರು ಒಂದು ಕ್ಷಣ ಉಡಿದಾರ ಒಂದರಲ್ಲೇ ಕಂಡು ಮೇಜಿನ ಕೆಳಗೆ ಮಾಯವಾದರು. ನಾನು ಹೆಂಡತಿ, ನಾನು ನೋಡಬಹುದಾಗಿತ್ತು, ನೋಡಿದೆ. ಬೆನ್ನು ತಿರುಗಿಸಿ ನಿಂತಿದ್ದ ಜನರ ಭುಜಗಳೆಲ್ಲ ನಗುವಿಗೆ ಕುಣಿಯುತ್ತಿದ್ದವು, ಒಬ್ಬರೂ ತಿರುಗಲಿಲ್ಲ. ಯಾರೋ ಹೆಂಗಸು ಆನಂದಕ್ಕೆ ಸೋಬಾನೆ ಹಾಡಲು ಶುರುಮಾಡಿದಳು. ಮೇಜಿನ ಕೆಳಗಿನಿಂದ ಒಂದು ಕೈ ಬಂದು ಮೈಕನ್ನು ಎಳೆದುಕೊಂಡಿತು.

"ಪ್ರಯಾಣಿಕರ ಗಮನಕ್ಕೆ," ಎಂದರು, ಏದುಸಿರು ಬಿಡುತ್ತ. "ಈಗ ಹೊರಡಲಿರುವ ಬಸ್ಸಿನಿಂದ ನನ್ನ ಹೆಂಡ್ತಿ ಇಳೀತಾಳೆ. ಉಂಟಾದ ಅಡಚಣೆಗಾಗಿ... ನನಗೆ ಸ್ವಲ್ಪಾನೂ ವಿಷಾದ ಇಲ್ಲ."

ನಾನು ಕೌದಿ ಸುತ್ತಿಕೊಂಡು ಇಳಿದೆ. ಜನ ಬೆನ್ನು ಹಾಕಿಕೊಂಡೇ ನನಗೆ ಅನೌನ್ಸರ್ ಕೋಣೆಯವರೆಗೆ ದಾರಿ ಮಾಡಿಕೊಟ್ಟರು. ಸಂಜೆ ಕತ್ತರಿ ಸಾವಂತ್ರಮ್ಮ ಮನೆಗೆ ಬಂದು, ಎರಡು ಒಬ್ಬಟ್ಟು ತಿಂದು, ಕತ್ತರಿಯನ್ನು ಚೀಲದಿಂದ ತೆಗೆಯದೆಯೇ ಹೋದಳು. ಕೌದಿಯನ್ನು ಒಗೆದು ಮಡಿಸಿ ಕೊಡಲು ಹೋದಾಗ ನಿಂಗಕ್ಕ, "ಇಟ್ಕೋ, ನಮ್ಮವ್ರಿಗೂ ಖುಷಿ ಆಗಿರುತ್ತೆ" ಎಂದಳು.

ಈಗ ಊರಿನ ಪ್ರತಿಯೊಬ್ಬರಿಗೂ ನಮ್ಮ ಒಳಮಾತು ಗೊತ್ತು. ಕಂಟ್ರೋಲರ್ ಸಾಹೇಬರಿಗಂತೂ ನೆಮ್ಮದಿ, ಅದನ್ನು ಹೇಳಬೇಕಾದ ಬಸ್ಸು ಯಾವ ಮಾರ್ಗದಲ್ಲೂ ಇಲ್ಲ. ಆ ಜರಿ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ. ಉಡುವುದೆಲ್ಲ ಒಗೆದು ಒಗೆದು ಬೆಣ್ಣೆಯಂತಾದ ಹಳೆಯ ಹತ್ತಿ ಸೀರೆಗಳು, ಎಲ್ಲಿಯೂ ಒಂದು ಎಳೆ ಕೂಡ ಚುಚ್ಚುವುದಿಲ್ಲ. ಆದರೂ ಇವರು ದಿನವೂ ನನ್ನ ತೋಳು ಮುಟ್ಟಿ ನೋಡಿ, ಮೊದಲ ಸಲ ಕೇಳುವವರ ಹಾಗೆ ಕೇಳುತ್ತಾರೆ, "ಚುಚ್ತಾ ಇದೆಯಾ?" ನಾನೂ ದಿನವೂ ಸುಳ್ಳು ಹೇಳುತ್ತೇನೆ, "ಹ್ಞೂಂ ರೀ, ಬಹಳ."